ಅಂತಾರಾಷ್ಟ್ರೀಯ ಅಧ್ಯಯನ: ಹಲವು ಶಾಸ್ತ್ರಗಳು ಕೂಡುವ ಪದವಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಎರಡೇ: ಇಂಜಿನಿಯರಿಂಗೋ, ವೈದ್ಯಕೀಯವೋ? ಅವೆರಡೂ ಅಲ್ಲವೆಂದರೆ ಬಿ.ಕಾಂ. ಹೀಗಿರುವಾಗ ಮಗನೋ ಮಗಳೋ ‘ಅಂತಾರಾಷ್ಟ್ರೀಯ ಅಧ್ಯಯನ ಓದುತ್ತೇನೆ’ ಎಂದರೆ ಹಿರಿಯರು ಗೊಂದಲಕ್ಕೆ ಒಳಗಾಗುವುದು ಸಹಜ. ಮಕ್ಕಳ ಮೂರು ನಾಲ್ಕು ವರ್ಷಗಳ ಆಯುಷ್ಯ, ಮನೆಯ ಉಳಿತಾಯ ಎರಡೂ ಇಲ್ಲಿ ಪಣಕ್ಕಿರುತ್ತವೆ. ಆದುದರಿಂದ ಈ ವಿಷಯದ ಹುಟ್ಟು, ಸ್ವರೂಪ, ಓದುವ ಕ್ರಮ ಮತ್ತು ಮುಂದಿನ ದಾರಿಗಳನ್ನು ಇಲ್ಲಿ ಸಂಗ್ರಹವಾಗಿ ಪರಿಚಯಿಸುತ್ತಿದ್ದೇವೆ.

ಹುಟ್ಟು ಮತ್ತು ಬೆಳವಣಿಗೆ

ಮೊದಲನೆಯ ಮಹಾಯುದ್ಧದ ಸಾವುನೋವುಗಳನ್ನು ಕಂಡ ಜಗತ್ತು, ದೇಶಗಳು ಏಕೆ ಕಾದಾಡುತ್ತವೆ ಎಂಬುದನ್ನು ಶಾಸ್ತ್ರೀಯವಾಗಿ ಅರಿಯಬೇಕೆಂದು ಬಯಸಿತು. 1919ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬರಿಸ್ಟ್‌ವಿತ್ ಎಂಬ ಊರಿನಲ್ಲಿ ಅಂತಾರಾಷ್ಟ್ರೀಯ ರಾಜಕೀಯಕ್ಕೆಂದೇ ಒಂದು ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. ಅದೇ ವರ್ಷ ಅಮೆರಿಕೆಯ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ವಿದೇಶಾಂಗ ಸೇವೆಯ ಶಾಲೆ ಆರಂಭವಾಯಿತು.

ನಮ್ಮ ದೇಶದಲ್ಲಿ 1955ರಲ್ಲಿ ದೆಹಲಿಯ ಸಪ್ರೂ ಹೌಸ್‌ನಲ್ಲಿ ‘ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್’ ಪ್ರಾರಂಭವಾಯಿತು. 1970ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ 1956ರಿಂದಲೇ ಅಂತಾರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ಬಹುಕಾಲ ಇದು ಮುಖ್ಯವಾಗಿ ಸ್ನಾತಕೋತ್ತರ ಓದಿನ ವಿಷಯವಾಗಿತ್ತು. ಪದವಿ ಮಟ್ಟದಲ್ಲಿ ಪ್ರಧಾನ ವಿಷಯವಾಗಿ ಹರಡಿದ್ದು ಈಚಿನ ಸಂಗತಿ.

ಹಲವು ಶಾಸ್ತ್ರಗಳು ಏಕೆ?

ನಮ್ಮ ಬ್ಯಾಂಕಿಂಗ್ ಕ್ಷೇತ್ರದಿಂದಲೇ ಒಂದು ಉದಾಹರಣೆ ಕೊಡಬಹುದು. ಇರಾನಿನ ಅಣು ಕಾರ್ಯಕ್ರಮದ ಕಾರಣ ವಿಧಿಸಿದ ನಿರ್ಬಂಧಗಳಿಂದಾಗಿ 2012ರ ಮಾರ್ಚಿಯಲ್ಲಿ ಆ ದೇಶದ ಹಲವು ಬ್ಯಾಂಕುಗಳನ್ನು ‘ಸ್ವಿಫ್ಟ್’ ಸಂದೇಶ ಜಾಲದಿಂದ ಹೊರಗಿಡಲಾಯಿತು. ಭಾರತಕ್ಕೆ ಇರಾನಿನ ಕಚ್ಚಾ ತೈಲ ಬೇಕಿತ್ತು. ಹಣ ಕಳುಹಿಸುವ ದಾರಿಗಳು ಮುಚ್ಚುತ್ತಿದ್ದವು. ಆಗ ತೈಲದ ಬೆಲೆಯ ಒಂದು ಭಾಗವನ್ನು ಯೂಕೋ ಬ್ಯಾಂಕಿನ ಮೂಲಕ ರೂಪಾಯಿಯಲ್ಲಿಯೇ ಪಾವತಿ ಮಾಡುವ ವ್ಯವಸ್ಥೆಯಾಯಿತು. ಆ ರೂಪಾಯಿಗಳಿಂದ ಇರಾನು ನಮ್ಮ ಸರಕುಗಳನ್ನು ಕೊಳ್ಳಬಹುದಾಗಿತ್ತು.

ಈ ಒಂದು ಘಟನೆಯನ್ನು ಅರಿಯಲು ಎಷ್ಟು ಶಾಸ್ತ್ರಗಳು ಬೇಕು ನೋಡಿ. ಪಾವತಿಯನ್ನು ಅರ್ಥಶಾಸ್ತ್ರ ತಿಳಿಸುತ್ತದೆ. ನಿರ್ಬಂಧದ ಬಲಾಬಲವನ್ನು ಕಾನೂನು ತಿಳಿಸುತ್ತದೆ. ಅಮೆರಿಕ ಮತ್ತು ಇರಾನಿನ ವೈಮನಸ್ಯಕ್ಕೆ 1953ರ ಸರ್ಕಾರ ಪತನ ಹಾಗೂ 1979ರ ಕ್ರಾಂತಿಯ ಇತಿಹಾಸ ಬೇಕು. ತೈಲದ ಹಡಗುಗಳು ಹೋರ್ಮುಜ್ ಜಲಸಂಧಿಯನ್ನು ಏಕೆ ದಾಟಬೇಕೆಂಬುದಕ್ಕೆ ಭೂಗೋಳ ಬೇಕು. ಅಲ್ಲಿನ ಜನ ತಮ್ಮಲ್ಲಿ ಏನು ಮಾತನಾಡಿಕೊಳ್ಳುತ್ತಾರೆ ಎಂಬುದಕ್ಕೆ ಪಾರಸಿ ಭಾಷೆ ಬೇಕು. ಒಂದೇ ಶಾಸ್ತ್ರವನ್ನು ಹಿಡಿದವನ ನೋಟ ಕುರುಡರು ಆನೆಯನ್ನು ಮುಟ್ಟಿ ನೋಡಿದಂತಾದೀತು. ಶಾಸ್ತ್ರಗಳನ್ನು ಕೂಡಿಸಿ ನೋಡುವ ಈ ಕ್ರಮವೇ ಅಂತರ್‌ಶಿಸ್ತೀಯ ಅಧ್ಯಯನ.

ಕನ್ನಡ ನಾಡಿಗೆ ಸಂಬಂಧಿಸಿದ ನಿದರ್ಶನವೂ ಉಂಟು. 1887ರಲ್ಲಿ ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು ಐ.ಸಿ.ಎಸ್. ಅಧಿಕಾರಿಯಾಗಿ ನ್ಯಾಯ, ಆಡಳಿತ ಎರಡರಲ್ಲಿಯೂ ಪಳಗಿದವರು. ಸಿಂಧೂ ನದಿಯ ನೀರಿನ ಬಗ್ಗೆ ಪ್ರಾಂತಗಳ ನಡುವೆ ಎದ್ದ ವಿವಾದವನ್ನು ವಿಚಾರಿಸಿದ ಆಯೋಗದ ಅಧ್ಯಕ್ಷರಾಗಿದ್ದರು. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಭಾರತದ ಪ್ರತಿನಿಧಿಯಾಗಿ ಕುಳಿತಿದ್ದವರು ಅವರೇ. ಅಂದು ಈ ಹೆಸರಿನ ಪದವಿ ನಮ್ಮಲ್ಲಿರಲಿಲ್ಲ. ಆದರೆ ಈ ಪದವಿ ಬಯಸುವ ಬಗೆಯ ವಿದ್ವತ್ತು ಅವರಲ್ಲಿತ್ತು.

ಓದುವ ಕ್ರಮ

ಸಾಮಾನ್ಯವಾಗಿ ಈ ಪದವಿಗೆ ನಾಲ್ಕು ಅಂಗಗಳು. ಮೊದಲನೆಯದು ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಅಂತಾರಾಷ್ಟ್ರೀಯ ಕಾನೂನುಗಳ ಬುನಾದಿ. ಎರಡನೆಯದು ಪಶ್ಚಿಮ ಏಷ್ಯಾ, ಆಫ್ರಿಕಾ, ಪೂರ್ವ ಏಷ್ಯಾಗಳಂತಹ ಒಂದು ಪ್ರದೇಶದ ವಿಶೇಷ ಅಧ್ಯಯನ. ಮೂರನೆಯದು ಒಂದು ವಿದೇಶೀ ಭಾಷೆ. ನಾಲ್ಕನೆಯದು ಕೊನೆಯ ವರ್ಷದ ಪ್ರಬಂಧ.

ಇವುಗಳಲ್ಲಿ ನಾವು ಭಾಷೆಗೆ ಹೆಚ್ಚಿನ ಮಹತ್ವ ಕೊಡುತ್ತೇವೆ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಭಾರತೀಯ ವಿದೇಶಾಂಗ ಸೇವೆಗೆ ಸೇರಿದವರು ಒಂದು ವಿದೇಶೀ ಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತಮಿಳು, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಎಂದು ಬೆಳೆದ ನಮ್ಮ ಮಕ್ಕಳಿಗೆ ಮತ್ತೊಂದು ಭಾಷೆಯ ಅಂಜಿಕೆ ಇರಬೇಕಾಗಿಲ್ಲ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಜರ್ಮನ್ ಭಾಷೆಗೆ ಮ್ಯಾಕ್ಸ್ ಮುಲ್ಲರ್ ಭವನವೂ ಫ್ರೆಂಚಿಗೆ ಅಲಿಯಾನ್ಸ್ ಫ್ರಾನ್ಸೇಸೂ ಇವೆ. ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವೇ ಇದೆ.

ಎಲ್ಲಿ ಓದಬಹುದು?

ಸೋನಿಪತ್‌ನ ಓ.ಪಿ. ಜಿಂದಲ್ ಜಾಗತಿಕ ವಿಶ್ವವಿದ್ಯಾಲಯದಂತಹ ಖಾಸಗಿ ಸಂಸ್ಥೆಗಳು ಪದವಿ ಮಟ್ಟದಲ್ಲಿಯೇ ಈ ವಿಷಯವನ್ನು ಬೋಧಿಸುತ್ತವೆ. ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ಪುಣೆಯ ಸಿಂಬಯಾಸಿಸ್ ಹಾಗೂ ದೆಹಲಿಯ ಜೆ.ಎನ್.ಯು.ಗಳಲ್ಲಿ ಸ್ನಾತಕೋತ್ತರ ಓದಿಗೆ ಅವಕಾಶವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷದ ಪದವಿಗೆ ದಾರಿ ಮಾಡಿದರೂ, ಕರ್ನಾಟಕ ಸರ್ಕಾರವು 2024ರಲ್ಲಿ ತನ್ನ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಮಕ್ಕಳನ್ನು ಊರಿನ ಕಡೆ ಓದಿಸಬಯಸುವವರು ಅವಧಿಯನ್ನು ವಿಚಾರಿಸಿಕೊಳ್ಳಬೇಕು.

ಉದ್ಯೋಗ ಮತ್ತು ಎಚ್ಚರ

ಈ ಪದವಿ ವೈದ್ಯಕೀಯದಂತೆ ನೇರವಾಗಿ ಒಂದು ವೃತ್ತಿಗೆ ಒಯ್ಯುವುದಿಲ್ಲ. ವಿದೇಶಾಂಗ ಸೇವೆಗೂ ಇದು ಕಡ್ಡಾಯವಲ್ಲ. ಯಾವುದೇ ಪದವೀಧರರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬಹುದು. ಆದರೆ ಆ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳು ಸೇರಿವೆ. ‘ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳು’ ಐಚ್ಛಿಕ ವಿಷಯವೂ ಆಗಿದೆ. ಪತ್ರಿಕೋದ್ಯಮ, ಸಂಶೋಧನಾ ಸಂಸ್ಥೆಗಳು, ರಫ್ತು ವ್ಯಾಪಾರ, ಬ್ಯಾಂಕುಗಳ ವಿದೇಶೀ ವಿನಿಮಯ ವಿಭಾಗ ಇವು ಉಳಿದ ದಾರಿಗಳು.

ಇದರ ದೊಡ್ಡ ಅಪಾಯವೆಂದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿಳಿದು ಯಾವುದರಲ್ಲಿಯೂ ಆಳವಿಲ್ಲದಂತಾಗುವುದು. ಅಂಕಿಅಂಶಶಾಸ್ತ್ರವನ್ನೋ ಕಾನೂನನ್ನೋ ಒಂದು ಭಾಷೆಯನ್ನೋ ಗಟ್ಟಿಯಾಗಿ ಹಿಡಿದವರಿಗೆ ಈ ಭಯವಿಲ್ಲ. ಕಾಲೇಜು ಆರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿ: ಭಾಷೆಯನ್ನು ಎಷ್ಟು ವರ್ಷ ಕಲಿಸುತ್ತಾರೆ? ಬೋಧಕರು ಯಾವ ಯಾವ ಶಾಸ್ತ್ರದವರು? ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ?

ಶುಲ್ಕದ ಬಗ್ಗೆಯೂ ಒಂದು ಮಾತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಹಾಗೂ ನಂತರದ ಒಂದು ವರ್ಷ ಮರುಪಾವತಿಗೆ ಬಿಡುವಿದೆ. ಆದರೆ ಬಡ್ಡಿಗೆ ಬಿಡುವಿಲ್ಲ. ಮೊದಲ ಉದ್ಯೋಗದ ಸಂಬಳ ಕಂತನ್ನು ತಾಳಬಲ್ಲುದೇ ಎಂದು ಸಾಲಪತ್ರಕ್ಕೆ ಸಹಿ ಹಾಕುವ ಮೊದಲೇ ಲೆಕ್ಕ ಹಾಕುವುದು ಮೇಲು. ಆ ಲೆಕ್ಕ ಸರಿಹೋದರೆ, ಮಗುವಿನ ಆಸಕ್ತಿಯೂ ನಿಜವಾದುದಾದರೆ, ಕಲಾ ವಿಭಾಗವೆಂಬ ಒಂದೇ ಕಾರಣಕ್ಕೆ ಬೇಡವೆನ್ನಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ.