ನಾಲ್ಕು ಚಕ್ರ ಚಾಲನೆಯ ಮಿನಿ ಟ್ರ್ಯಾಕ್ಟರ್

ನಾಲ್ಕು ಚಕ್ರ ಚಾಲನೆಯ ಮಿನಿ ಟ್ರ್ಯಾಕ್ಟರ್ ಎಂದರೆ ಎಂಜಿನ್ನಿನ ಶಕ್ತಿಯು ಹಿಂದಿನ ಎರಡು ಚಕ್ರಗಳಿಗೆ ಮಾತ್ರವಲ್ಲದೆ ಮುಂದಿನ ಎರಡು ಚಕ್ರಗಳಿಗೂ ಹರಿಯುವಂತೆ ರಚಿಸಲಾದ ಸಣ್ಣ ಗಾತ್ರದ ಟ್ರ್ಯಾಕ್ಟರ್. ಭಾರತದಲ್ಲಿ ಸಾಮಾನ್ಯವಾಗಿ 15ರಿಂದ 30 ಅಶ್ವಶಕ್ತಿಯ ಯಂತ್ರಗಳು ಈ ವರ್ಗಕ್ಕೆ ಸೇರುತ್ತವೆ. ಅಮೆರಿಕ, ಯುರೋಪುಗಳಲ್ಲಿ ಇಂಥ ಯಂತ್ರಗಳನ್ನು ಮನೆಯ ಸುತ್ತಲಿನ ಇಳಿಜಾರಿನ ಹುಲ್ಲುಹಾಸನ್ನು ಕತ್ತರಿಸಲು ಹೆಚ್ಚಾಗಿ ಬಳಸಲಾಗುತ್ತದೆ. ಕರ್ನಾಟಕದಲ್ಲಿ ಇವುಗಳ ಸ್ಥಾನ ದಾಳಿಂಬೆ, ದ್ರಾಕ್ಷಿ, ಮಾವು ಮತ್ತು ಅಡಿಕೆ ತೋಟಗಳ ಸಾಲುಗಳ ನಡುವೆ ಇದೆ. ಹೊಸ ಯಂತ್ರವನ್ನು ಕೊಳ್ಳಬೇಕೆ, ಬಳಸಿದ ಯಂತ್ರವನ್ನು ಕೊಳ್ಳಬೇಕೆ ಎಂಬುದು ಸಣ್ಣ ಹಿಡುವಳಿದಾರರ ಮುಂದಿರುವ ಪ್ರಶ್ನೆ. ಈ ಲೇಖನವು ಮುಖ್ಯವಾಗಿ ಕೊಪ್ಪಳ ಜಿಲ್ಲೆಯ ಸನ್ನಿವೇಶದಲ್ಲಿ ಆ ಪ್ರಶ್ನೆಯನ್ನು ವಿವರಿಸುತ್ತದೆ.

ರಚನೆ

ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳು ದಿಕ್ಕು ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತವೆ. ನಾಲ್ಕು ಚಕ್ರ ಚಾಲನೆಯಲ್ಲಿ ಗೇರ್ ಪೆಟ್ಟಿಗೆಯಿಂದ ಒಂದು ಶಾಫ್ಟ್ ಮುಂದಿನ ಆಕ್ಸಲ್‌ಗೆ ಹೋಗುತ್ತದೆ. ಅಲ್ಲಿಂದ ಹಲ್ಲುಗಾಲಿಗಳ ಮೂಲಕ ಎರಡೂ ಮುಂಗಾಲಿಗಳಿಗೆ ಶಕ್ತಿ ಸಿಗುತ್ತದೆ. ಚಾಲಕನು ಒಂದು ಸನ್ನೆಯಿಂದ ಈ ಜೋಡಣೆಯನ್ನು ಹಾಕಬಹುದು ಅಥವಾ ಬಿಡಿಸಬಹುದು.

ಮುಂದಿನ ಚಕ್ರಗಳು ಗಾತ್ರದಲ್ಲಿ ಚಿಕ್ಕವು. ಜೋಡಣೆ ಹಾಕಿದಾಗ ಅವು ಹಿಂದಿನ ಚಕ್ರಗಳಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ನೆಲವನ್ನು ಎಳೆಯುವಂತೆ ಹಲ್ಲುಗಾಲಿಗಳ ಅನುಪಾತವನ್ನು ಹೊಂದಿಸಿರುತ್ತಾರೆ. ಮೆತ್ತನೆಯ ಮಣ್ಣಿನಲ್ಲಿ ಈ ವ್ಯತ್ಯಾಸವು ಜಾರುವಿಕೆಯಲ್ಲಿ ಕರಗಿಹೋಗುತ್ತದೆ. ಡಾಂಬರು ರಸ್ತೆಯಲ್ಲಿ ಜೋಡಣೆ ಹಾಕಿಯೇ ಓಡಿಸಿದರೆ ಅದು ಕರಗಲು ಎಡೆಯಿರುವುದಿಲ್ಲ. ಪರಿಣಾಮವಾಗಿ ಟೈರು ಬೇಗ ಸವೆಯುತ್ತದೆ, ಹಲ್ಲುಗಾಲಿಗಳ ಮೇಲೆ ಒತ್ತಡ ಬೀಳುತ್ತದೆ. ಬಳಸಿದ ಯಂತ್ರಗಳಲ್ಲಿ ಕಂಡುಬರುವ ಅನೇಕ ದೋಷಗಳ ಮೂಲ ಇಲ್ಲಿಯೇ ಇದೆ.

ಇಳಿಜಾರಿನಲ್ಲಿ ವರ್ತನೆ

ಇಳಿಜಾರಿಗೆ ನಾಲ್ಕು ಚಕ್ರ ಚಾಲನೆ ಏಕೆ ಬೇಕು ಎಂದರೆ ಏರುವುದಕ್ಕೆ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಆದರೆ ಇಳಿಯುವಾಗಿನ ಪ್ರಯೋಜನ ಅದಕ್ಕಿಂತ ದೊಡ್ಡದು. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವಾಗ ಭಾರವು ಮುಂದಕ್ಕೆ ಸರಿಯುವುದರಿಂದ ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಹಿಡಿದರೂ ಯಂತ್ರ ಜಾರುತ್ತದೆ. ಮುಂದಿನ ಆಕ್ಸಲ್ ಜೋಡಣೆಯಲ್ಲಿದ್ದರೆ ಎಂಜಿನ್ ಮತ್ತು ಬ್ರೇಕ್‌ಗಳ ತಡೆ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ. ಆದುದರಿಂದ ಕಡಿಮೆ ಗೇರಿನಲ್ಲಿ, ಜೋಡಣೆ ಹಾಕಿಕೊಂಡು ಇಳಿಯುವುದು ರೂಢಿ. ನಡುವೆ ಕ್ಲಚ್ ಒತ್ತುವುದು ಅಪಾಯಕರ.

ಅಡ್ಡ ಇಳಿಜಾರಿನಲ್ಲಿ ಪಕ್ಕಕ್ಕೆ ಉರುಳುವುದನ್ನು ನಾಲ್ಕು ಚಕ್ರ ಚಾಲನೆ ತಡೆಯುವುದಿಲ್ಲ. ಮಿನಿ ಟ್ರ್ಯಾಕ್ಟರುಗಳು ತೋಟದ ಸಾಲಿನಲ್ಲಿ ನುಸುಳಲೆಂದು ಕಿರಿದಾಗಿರುತ್ತವೆ. ಆ ಕಿರಿದುತನವೇ ಅಡ್ಡ ಇಳಿಜಾರಿನಲ್ಲಿ ಅವುಗಳ ದೌರ್ಬಲ್ಯ. ಕುಳಿತು ಓಡಿಸುವ ಹುಲ್ಲುಕತ್ತರಿ ಯಂತ್ರಗಳಿಗೆ ವಿದೇಶಗಳಲ್ಲಿ ಹೇಳುವ ಸಾಮಾನ್ಯ ಮಿತಿ 15 ಡಿಗ್ರಿ, ಅಂದರೆ 10 ಅಡಿ ದೂರಕ್ಕೆ ಸುಮಾರು 2.7 ಅಡಿ ಏರಿಕೆ. ಹತ್ತಡಿ ಉದ್ದದ ಕೋಲು ಮತ್ತು ಗಾರೆ ಕೆಲಸದವರ ಮಟ್ಟಗೋಲಿನಿಂದ ಇದನ್ನು ಹೊಲದಲ್ಲಿಯೇ ಅಳೆಯಬಹುದು. ಹಿಂದೆ ಭಾರವಾದ ರೋಟವೇಟರ್ ಅಥವಾ ಔಷಧದ ಟ್ಯಾಂಕ್ ಹೊತ್ತ ಯಂತ್ರಕ್ಕೆ ಈ ಮಿತಿಯೂ ಹೆಚ್ಚೇ. ಉರುಳಿದಾಗ ಚಾಲಕನನ್ನು ರಕ್ಷಿಸುವ ಕಬ್ಬಿಣದ ಕಮಾನು ಮತ್ತು ಸೀಟ್ ಬೆಲ್ಟ್ ಇರುವ ಮಾದರಿ ಸಿಕ್ಕರೆ ಇಳಿಜಾರಿನ ಜಮೀನಿನವರು ಅದಕ್ಕೆ ಮೊದಲ ಆದ್ಯತೆ ಕೊಡುವುದು ಸೂಕ್ತ. ಹೊಸದೋ ಹಳೆಯದೋ ಎಂಬುದು ಅದರ ನಂತರದ ಮಾತು.

ಕೊಪ್ಪಳ ಜಿಲ್ಲೆಯಲ್ಲಿ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ಎರಡು ಬಗೆಯ ಕೃಷಿ ಅಕ್ಕಪಕ್ಕದಲ್ಲಿವೆ. ಗಂಗಾವತಿ ಮತ್ತು ಕಾರಟಗಿ ಭಾಗಗಳು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕುಷ್ಟಗಿ, ಯಲಬುರ್ಗಾ ಮತ್ತು ಕೊಪ್ಪಳ ತಾಲ್ಲೂಕಿನ ಬಹುಭಾಗ ಮಳೆಯಾಶ್ರಿತ ಹಾಗೂ ಕೊಳವೆಬಾವಿಯ ಬೇಸಾಯದ ಸೀಮೆ. ಇಲ್ಲಿ ಎರೆ ಮತ್ತು ಮಸಾರಿ ಮಣ್ಣುಗಳೆರಡೂ ಇದ್ದು, ಕಲ್ಲುಗುಡ್ಡಗಳ ತಪ್ಪಲಿನಲ್ಲಿ ಇಳಿಜಾರಿನ ಹೊಲಗಳಿವೆ. ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಬಳಿ ಹಿರೇಹಳ್ಳ ಜಲಾಶಯವಿದೆ. ಒಣಸೀಮೆಯ ಭಾಗದಲ್ಲಿ ದಾಳಿಂಬೆ ಮತ್ತು ಮಾವಿನ ತೋಟಗಳು ಹರಡಿವೆ.

ದಾಳಿಂಬೆಗೆ ಸಾಮಾನ್ಯವಾಗಿ ಶಿಫಾರಸು ಮಾಡುವ ಅಂತರ ಸಾಲಿನಿಂದ ಸಾಲಿಗೆ 15 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ. ಗಿಡಗಳು ಹರಡಿಕೊಂಡ ಮೇಲೆ ಸಾಲಿನ ನಡುವೆ ಉಳಿಯುವ ದಾರಿ ಬಹಳ ಕಡಿಮೆ. ದೊಡ್ಡ ಟ್ರ್ಯಾಕ್ಟರ್ ಹೊಕ್ಕರೆ ಕೊಂಬೆ ಮುರಿಯುತ್ತದೆ, ಹನಿ ನೀರಾವರಿಯ ಪೈಪು ಕತ್ತರಿಸಿಹೋಗುತ್ತದೆ. ಎಡೆ ಹೊಡೆಯಲು, ಗೊಬ್ಬರ ಸಾಗಿಸಲು, ಔಷಧ ಸಿಂಪಡಿಸಲು ಮಿನಿ ಟ್ರ್ಯಾಕ್ಟರ್ ಬಳಕೆಗೆ ಬಂದದ್ದು ಈ ಕಾರಣದಿಂದ.

ಎರಡು ಬಗೆಯ ಕೃಷಿ ಒಂದೇ ಜಿಲ್ಲೆಯಲ್ಲಿರುವುದು ಬಳಸಿದ ಯಂತ್ರದ ವ್ಯಾಪಾರದ ಮೇಲೂ ಪರಿಣಾಮ ಬೀರುತ್ತದೆ. ಭತ್ತದ ಗದ್ದೆಯಲ್ಲಿ ಕೆಸರು ಮಾಡಿದ ಯಂತ್ರದ ಮುಂದಿನ ಆಕ್ಸಲ್ ಗಂಟೆಗಟ್ಟಲೆ ಕೆಸರುನೀರಿನಲ್ಲಿ ಮುಳುಗಿರುತ್ತದೆ. ಆಯಿಲ್ ಸೀಲ್ ಸವೆದರೆ ನೀರು ಒಳಸೇರಿ ಬೇರಿಂಗ್ ಮತ್ತು ಹಲ್ಲುಗಾಲಿಗಳನ್ನು ತಿನ್ನುತ್ತದೆ. ತೋಟದಲ್ಲಿ ಮಾತ್ರ ದುಡಿದ ಯಂತ್ರಕ್ಕೆ ಈ ತೊಂದರೆ ಕಡಿಮೆ. ಹೀಗಾಗಿ ಆರು ವರ್ಷ ತೋಟದಲ್ಲಿದ್ದ ಟ್ರ್ಯಾಕ್ಟರ್, ಮೂರು ವರ್ಷ ಗದ್ದೆಯಲ್ಲಿದ್ದ ಟ್ರ್ಯಾಕ್ಟರಿಗಿಂತ ಉತ್ತಮ ಸ್ಥಿತಿಯಲ್ಲಿರಬಹುದು. ಬಳಸಿದ ಯಂತ್ರದ ಬೆಲೆಯನ್ನು ತಯಾರಾದ ವರ್ಷದಿಂದ ನಿರ್ಧರಿಸುವುದು ವಾಡಿಕೆ. ಎಲ್ಲಿ ದುಡಿದಿದೆ ಎಂಬುದನ್ನು ಕೇಳುವವರು ಕಡಿಮೆ.

ಹೊಸ ಯಂತ್ರ

ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಶಿಯ ಸಹಯೋಗದಿಂದ ಪವರ್ ಟಿಲ್ಲರ್ ಮತ್ತು ಸಣ್ಣ ಟ್ರ್ಯಾಕ್ಟರುಗಳನ್ನು ತಂದಿತು. ಅದರ ಶಕ್ತಿ ಎಂ.ಟಿ. 180 ಡಿ ಮಾದರಿಯು ಈ ವರ್ಗದ ಹಳೆಯ ಹೆಸರುಗಳಲ್ಲಿ ಒಂದು. ಕುಬೋಟಾ ನಿಯೋಸ್ಟಾರ್, ಜಾನ್ ಡಿಯರ್ 3028 ಇ.ಎನ್., 2017ರಲ್ಲಿ ಬಂದ ಮಹೀಂದ್ರ ಜಿವೊ ಮತ್ತು 2023ರಲ್ಲಿ ಬಂದ ಮಹೀಂದ್ರ ಓಜಾ ಇತರ ಪರಿಚಿತ ಮಾದರಿಗಳು. ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ನೀಡುವ ಕೇಂದ್ರ ಸರ್ಕಾರದ ಸಂಸ್ಥೆ ಮಧ್ಯಪ್ರದೇಶದ ಬುದ್ನಿಯಲ್ಲಿದೆ. ಕೊಳ್ಳುವ ಮಾದರಿಯ ಪರೀಕ್ಷಾ ವರದಿಯಲ್ಲಿ ಎಳೆಯುವ ಶಕ್ತಿ, ಇಂಧನ ಬಳಕೆ, ಬ್ರೇಕ್‌ಗಳ ವಿವರ ಸಿಗುತ್ತವೆ.

ಟ್ರ್ಯಾಕ್ಟರುಗಳ ಮೇಲೆ 2017ರಿಂದ ಶೇ 12ರಷ್ಟಿದ್ದ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಸಲಾಯಿತು. ಆ ದಿನಾಂಕಕ್ಕಿಂತ ಹಿಂದಿನ ಬಿಲ್ಲನ್ನು ತೋರಿಸಿ ಬಳಸಿದ ಯಂತ್ರಕ್ಕೆ ಬೆಲೆ ಕೇಳುವವರ ಲೆಕ್ಕದಲ್ಲಿ ಹಳೆಯ ತೆರಿಗೆಯೂ ಸೇರಿರುತ್ತದೆ ಎಂಬುದನ್ನು ಗಮನಿಸಬೇಕು.

ಕೃಷಿ ಯಾಂತ್ರೀಕರಣ ಯೋಜನೆಯಡಿ ಕರ್ನಾಟಕದ ಕೃಷಿ ಇಲಾಖೆಯು ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ 90ರವರೆಗೆ ಸಹಾಯಧನ ನೀಡುತ್ತ ಬಂದಿದೆ. ಆದರೆ ಮಿನಿ ಟ್ರ್ಯಾಕ್ಟರಿಗೆ ಗರಿಷ್ಠ ಮೊತ್ತದ ಮಿತಿ ಇರುವುದರಿಂದ ಕೈಗೆ ಬರುವುದು ಪೂರ್ಣ ಬೆಲೆಯ ಅಷ್ಟು ಪಾಲಲ್ಲ. ಮಿತಿಯೂ ಅನುದಾನದ ಲಭ್ಯತೆಯೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಫ್ರೂಟ್ಸ್ ಗುರುತಿನ ಸಂಖ್ಯೆಯೊಂದಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬೇಕು. ಬಳಸಿದ ಯಂತ್ರಕ್ಕೆ ಈ ಸಹಾಯಧನವಿಲ್ಲ.

ವೆಚ್ಚದ ಹೋಲಿಕೆ

ಯಂತ್ರವೆಚ್ಚದ ಲೆಕ್ಕದಲ್ಲಿ ಟ್ರ್ಯಾಕ್ಟರಿನ ಆಯುಷ್ಯವನ್ನು ಸಾಮಾನ್ಯವಾಗಿ 10 ವರ್ಷ ಅಥವಾ 10,000 ಗಂಟೆ ಎಂದು ಹಿಡಿಯಲಾಗುತ್ತದೆ. ನಾಲ್ಕೈದು ಎಕರೆ ತೋಟದ ರೈತನು ವರ್ಷಕ್ಕೆ 200 ಗಂಟೆ ಓಡಿಸಿದರೆ 10,000 ಗಂಟೆ ಮುಗಿಯಲು 50 ವರ್ಷ ಬೇಕು. ಅಂದರೆ ಅವನ ಹೊಸ ಯಂತ್ರವು ದುಡಿದು ಸವೆಯುವುದಕ್ಕಿಂತ ಹೆಚ್ಚಾಗಿ ನಿಂತಲ್ಲಿಯೇ ಬೆಲೆ ಕಳೆದುಕೊಳ್ಳುತ್ತದೆ. ಬಳಸಿದ ಯಂತ್ರದ ಪರವಾದ ಬಲವಾದ ವಾದ ಇದೇ ಆಗಿದೆ.

ಲೆಕ್ಕದ ಕ್ರಮವನ್ನು ಒಂದು ಊಹೆಯ ಉದಾಹರಣೆಯಿಂದ ತಿಳಿಯಬಹುದು. ಹೊಸ ಯಂತ್ರಕ್ಕೆ 5,00,000 ರೂಪಾಯಿ ಕೊಟ್ಟು ಹತ್ತು ವರ್ಷದ ನಂತರ 1,50,000ಕ್ಕೆ ಮಾರಿದರೆ ವರ್ಷಕ್ಕೆ ಆಗುವ ಸವಕಳಿ 35,000 ರೂಪಾಯಿ. ಬಳಸಿದ ಯಂತ್ರವನ್ನು 3,00,000ಕ್ಕೆ ಕೊಂಡು ಆರು ವರ್ಷದ ನಂತರ 1,50,000ಕ್ಕೇ ಮಾರಿದರೆ ಸವಕಳಿ ವರ್ಷಕ್ಕೆ 25,000 ರೂಪಾಯಿ. ವ್ಯತ್ಯಾಸ 10,000 ರೂಪಾಯಿ ಮಾತ್ರ. ಹಳೆಯ ಯಂತ್ರದ ಹೆಚ್ಚುವರಿ ದುರಸ್ತಿ ಇದನ್ನು ಮೀರಿದರೆ ಉಳಿತಾಯ ಇಲ್ಲವಾಗುತ್ತದೆ. ಹೊಸದಕ್ಕೆ 75,000 ರೂಪಾಯಿ ಸಹಾಯಧನ ದೊರೆತರೆ ಅದರ ಸವಕಳಿ 27,500ಕ್ಕೆ ಇಳಿದು, ವ್ಯತ್ಯಾಸ 2,500 ರೂಪಾಯಿ ಆಗುತ್ತದೆ. ಇನ್ನೊಂದೆಡೆ, ಹೊಸದಕ್ಕೆ ತೊಡಗಿಸುವ ಹೆಚ್ಚಿನ ಎರಡು ಲಕ್ಷ ರೂಪಾಯಿಗೆ ಶೇ 10ರ ಬಡ್ಡಿಯಾದರೂ ಮೊದಲ ವರ್ಷ 20,000 ರೂಪಾಯಿ ಬೀಳುತ್ತದೆ. ಬಳಸಿದ ಯಂತ್ರದ ಸಾಲಕ್ಕೆ ಬಡ್ಡಿ ದರ ಹೆಚ್ಚು, ಅವಧಿ ಕಡಿಮೆ ಇರುವುದು ವಾಡಿಕೆ. ಒಟ್ಟಿನಲ್ಲಿ ಸಹಾಯಧನ ಸಿಗುವವನಿಗೆ ಹೊಸದು, ಕೈಯಲ್ಲಿ ನಗದು ಇದ್ದು ಯಂತ್ರ ಬಲ್ಲವನಿಗೆ ಬಳಸಿದ್ದು ಹೊಂದುತ್ತದೆ. ವರ್ಷಕ್ಕೆ ನೂರು ಗಂಟೆಯೂ ಕೆಲಸವಿಲ್ಲದವನಿಗೆ ಕೃಷಿ ಯಂತ್ರಧಾರೆ ಕೇಂದ್ರದ ಅಥವಾ ನೆರೆಯವರ ಬಾಡಿಗೆ ಯಂತ್ರವೇ ಸಾಕು.

ಬಳಸಿದ ಯಂತ್ರದ ಪರೀಕ್ಷೆ

ನಾಲ್ಕು ಚಕ್ರ ಚಾಲನೆಯ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ಮುಂದಿನ ಆಕ್ಸಲ್. ಎಂಜಿನ್ ಕೆಲಸವನ್ನು ಊರಿನ ಮೇಸ್ತ್ರಿಯೂ ಮಾಡಬಲ್ಲ. ಮುಂದಿನ ಆಕ್ಸಲ್‌ನ ಹಲ್ಲುಗಾಲಿಗಳು ಆ ಮಾದರಿಗಷ್ಟೇ ಸೇರಿದವು, ದುಬಾರಿ, ಮತ್ತು ತಯಾರಿಕೆ ನಿಂತ ಮಾದರಿಗೆ ಸಿಗುವುದೂ ಕಷ್ಟ. ಆಕ್ಸಲ್‌ನ ಬಿರಡೆ ಬಿಚ್ಚಿ ಸ್ವಲ್ಪ ಆಯಿಲ್ ಹೊರತೆಗೆದಾಗ ಅದು ಹಾಲು ಬೆರೆತ ಚಹಾದ ಬಣ್ಣದಲ್ಲಿದ್ದರೆ ನೀರು ಸೇರಿದೆ ಎಂದರ್ಥ. ಹೊಳೆಯುವ ಲೋಹದ ಚೂರುಗಳು ಹಲ್ಲು ಸವೆದುದರ ಗುರುತು. ಮುಂಭಾಗವನ್ನು ಜಾಕ್ ಮೇಲೆ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಕಿಂಗ್ ಪಿನ್ ಹೋಗಿರುತ್ತದೆ.

ಜೋಡಣೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದು ರಸ್ತೆಯಲ್ಲಿ ತಿಳಿಯುವುದಿಲ್ಲ. ಸಡಿಲ ಮಣ್ಣಿನ ದಿಬ್ಬದ ಮೇಲೆ ನಿಧಾನವಾಗಿ ಹತ್ತಿಸಿ ಮುಂದಿನ ಚಕ್ರಗಳು ಮಣ್ಣನ್ನು ಕೆದರುತ್ತವೆಯೇ ಎಂದು ಇನ್ನೊಬ್ಬರು ದೂರದಲ್ಲಿ ನಿಂತು ನೋಡಬೇಕು. ಭಾರ ಬಿದ್ದಾಗ ಸನ್ನೆ ತಾನಾಗಿಯೇ ಕಳಚಿಕೊಳ್ಳುವ ಯಂತ್ರಗಳೂ ಇವೆ. ಇಳಿಜಾರಿನಲ್ಲಿ ಅಂಥ ಯಂತ್ರವು ಎರಡು ಚಕ್ರ ಚಾಲನೆಯದಕ್ಕಿಂತಲೂ ಅಪಾಯಕಾರಿ, ಏಕೆಂದರೆ ಚಾಲಕನು ಇಲ್ಲದ ತಡೆಯನ್ನು ನಂಬಿ ಇಳಿಯುತ್ತಾನೆ.

ಟೈರುಗಳ ವಿಷಯದಲ್ಲಿ ಒಂದು ಸಂಗತಿ ವಿಶೇಷ. ಮಾರುವ ಮುನ್ನ ಮುಂದಿನ ಎರಡು ಸಣ್ಣ ಟೈರುಗಳನ್ನಷ್ಟೇ ಹೊಸದಾಗಿ ಹಾಕಿಸುವುದುಂಟು. ಇದು ನೋಡಲು ಚೆನ್ನ. ಆದರೆ ಹಿಂದಿನವು ಸವೆದಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ಅನುಪಾತ ಕೆಡುತ್ತದೆ. ತಯಾರಕರು ಹೇಳಿದ ಅಳತೆಯ ಟೈರುಗಳೇ ಇವೆಯೇ ಎಂಬುದನ್ನೂ ನೋಡಬೇಕು.

ಗಂಟೆ ತೋರಿಸುವ ಮೀಟರನ್ನು ಬದಲಾಯಿಸಬಹುದು, ಕೇಬಲ್ ಕಳಚಿಡಬಹುದು. ಬ್ರೇಕ್ ಪೆಡಲಿನ ಸವೆತ, ಉಪಕರಣ ಸಿಕ್ಕಿಸುವ ತೋಳುಗಳ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿರುವುದು ಇವು ಸುಳ್ಳು ಹೇಳುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ಹೋಗುವಷ್ಟರಲ್ಲಿ ಅದು ಬಿಸಿಯಾಗಿದ್ದರೆ ಮತ್ತೊಂದು ದಿನ ಹೋಗುವುದು ಲೇಸು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಕುಂಟೆಯನ್ನು ಎತ್ತಿ ಎಂಜಿನ್ ನಿಲ್ಲಿಸಿದಾಗ ಅದು ಬೇಗನೆ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಎಡ ಬಲ ಬ್ರೇಕ್‌ಗಳು ಸಮನಾಗಿ ಹಿಡಿಯಬೇಕು; ಒಂದೇ ಬದಿ ಹಿಡಿದರೆ ಇಳಿಜಾರಿನಲ್ಲಿ ಯಂತ್ರ ಅಡ್ಡ ತಿರುಗುತ್ತದೆ.

ದಾಳಿಂಬೆ ತೋಟದಿಂದ ಬಂದ ಯಂತ್ರವನ್ನು ಹೊಸ ತೋಟಕ್ಕೆ ಹೊಗಿಸುವ ಮೊದಲು ಮಣ್ಣು, ಎಲೆ, ಕಡ್ಡಿ ಉಳಿಯದಂತೆ ತೊಳೆದು ಸೋಂಕು ನಿವಾರಿಸುವುದು ಅಗತ್ಯ. ದುಂಡಾಣು ಅಂಗಮಾರಿ ರೋಗವು ಉತ್ತರ ಕರ್ನಾಟಕದ ಅನೇಕ ದಾಳಿಂಬೆ ತೋಟಗಳನ್ನು ಕೀಳಿಸಿದೆ.

ದಾಖಲೆಗಳು

ಟ್ರ್ಯಾಕ್ಟರ್ 1988ರ ಮೋಟಾರು ವಾಹನ ಕಾಯ್ದೆಯಡಿ ನೋಂದಣಿಯಾಗುವ ವಾಹನ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷ ಊರ್ಜಿತವಾಗಿದ್ದು, ನಂತರ ನವೀಕರಿಸಬೇಕಾಗುತ್ತದೆ. ಕೊಪ್ಪಳದ ನೋಂದಣಿ ಸಂಖ್ಯೆಗಳು ಕೆ.ಎ. 37ರಿಂದ ಆರಂಭವಾಗುತ್ತವೆ. ಮಾರಾಟವಾದಾಗ ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವ ವರ್ಗಾಯಿಸಬೇಕು. ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಮಹಾರಾಷ್ಟ್ರ ಅಥವಾ ಆಂಧ್ರಪ್ರದೇಶದಿಂದ ತಂದ ಯಂತ್ರಕ್ಕೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು.

ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಹೆಸರು ಇದ್ದರೆ ಯಂತ್ರವು ಅಡಮಾನದಲ್ಲಿದೆ ಎಂದರ್ಥ. ಸಾಲ ತೀರಿದ ಪತ್ರ ಹಾಗೂ ನಮೂನೆ 35 ಕೈಸೇರದೆ ಹಣ ಪೂರ್ತಿ ಕೊಟ್ಟರೆ, ಹಳೆಯ ಮಾಲೀಕನ ಬಾಕಿಗಾಗಿ ಯಂತ್ರವನ್ನು ಹೊಸಬನ ಹೊಲದಿಂದಲೇ ಎಳೆದೊಯ್ಯುವ ಸಾಧ್ಯತೆ ಇದೆ. ಬಾಂಡ್ ಕಾಗದದ ಮೇಲೆ ಬರೆಸಿಕೊಂಡ ಕರಾರು ನೋಂದಣಿಗೆ ಬದಲಿಯಲ್ಲ. ವಿಮೆಯ ವರ್ಗಾವಣೆಗೆ ಕೊಂಡವರು 14 ದಿನಗಳಲ್ಲಿ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಯಂತ್ರದ ಮೇಲೆಯೇ ಓದಿ, ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸವನ್ನು ಮುಂಗಡ ಕೊಡುವ ಮೊದಲೇ ಮಾಡಬೇಕು. ಹೊಸದಾಗಿ ಬಣ್ಣ ಬಳಿದ ಯಂತ್ರಗಳಲ್ಲಿ ಆ ಅಂಕಿಗಳ ಮೇಲೂ ಬಣ್ಣ ಕೂತಿರುತ್ತದೆ. ಅದನ್ನು ಕೆರೆದು ನೋಡಲು ಮಾರುವವರು ಒಪ್ಪಬೇಕು.