ಕಾಲೇಜಿನ ಗೇಟು, ಕಾರ್ಖಾನೆಯ ಗೇಟು

ಓದಿದವನಿಗೆ ಕೆಲಸ ಬರೋದಿಲ್ಲ, ಕೆಲಸ ಬಲ್ಲವನಿಗೆ ಓದಿಲ್ಲ ಅಂತ ಈಗ ಎಲ್ಲ ಕಡೆ ಗೊಣಗಾಟ. ಕಾಲೇಜಿನ ಪಾಠಕ್ಕೂ ಕಂಪನಿಯ ಕೆಲಸಕ್ಕೂ ನಂಟು ಬೆಸೆಯಬೇಕಂತೆ. ಇದೇನೋ ನಿನ್ನೆ ಮೊನ್ನೆ ಹುಟ್ಟಿದ ವಿಚಾರ ಅನ್ನೋ ಹಾಗೆ ಮಂತ್ರಿಗಳೂ ಉದ್ಯಮಿಗಳೂ ಭಾಷಣ ಬಿಗಿಯುತ್ತಾರೆ. ಗೆಳೆಯರೆ, ಹಳೇ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಆಸುಪಾಸಿನಲ್ಲಿ ಈ ನಂಟಿಗೆ ನೂರು ವರ್ಷ ಮೀರಿದ ಚರಿತ್ರೆ ಇದೆ. ಮನೆತನದಲ್ಲಿ ಮೊದಲ ಸಲ ಡಿಗ್ರಿ ಕಂಡ ನಾವು ಅದನ್ನು ನಮ್ಮ ಕಡೆಯಿಂದ ಓದಬೇಕಾಗಿದೆ.

1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರ ಪ್ಲೇಗಿನ ಹೊತ್ತಿಗೆ ಮಲ್ಲೇಶ್ವರ, ಬಸವನಗುಡಿ ಬಂದವು. ಗಾಳಿ ಬೆಳಕಿನ ಲೆಕ್ಕ ಹಾಕಿದ ಸರ್ಕಾರ ಮಲ್ಲೇಶ್ವರದ ಬ್ಲಾಕು ಹಂಚುವಾಗ ಜಾತಿಯ ಲೆಕ್ಕವನ್ನೂ ಹಾಕಿತು. ಗುಮಾಸ್ತರು, ವಕೀಲರು, ಅಮಲ್ದಾರರು ಇಂಥ ಬಡಾವಣೆಗಳಲ್ಲಿ ಮನೆ ಕಟ್ಟಿದರು. ಅವರ ಮನೆಯ ಇಂಗ್ಲಿಷ್ ಓದು ನೇರವಾಗಿ ಸರ್ಕಾರಿ ಸಂಬಳವಾಯಿತು. ಅಂದರೆ ವಿದ್ಯೆಗೂ ಉದ್ಯೋಗಕ್ಕೂ ನಂಟು ಆಗಲೇ ಇತ್ತು. ಅದು ಮೇಲಿನ ಜಾತಿಗಳ ಹಜಾರದಲ್ಲಿ ಕೂತಿತ್ತು, ಅಷ್ಟೆ. ಅಸ್ಪೃಶ್ಯರ ಮಕ್ಕಳನ್ನು ಸರ್ಕಾರಿ ಶಾಲೆಯೊಳಕ್ಕೆ ಬಿಡಬೇಕು ಅಂತ ಮೈಸೂರು ಸರ್ಕಾರ ಆಜ್ಞೆ ಮಾಡಿದ್ದೇ 1915ರಲ್ಲಿ.

ಅದಕ್ಕೂ ನಾಲ್ಕು ವರ್ಷ ಮೊದಲೇ ಮಲ್ಲೇಶ್ವರದ ಆಚೆ ಭಾರತೀಯ ವಿಜ್ಞಾನ ಸಂಸ್ಥೆ ಪಾಠ ಶುರು ಮಾಡಿತ್ತು. ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅಂದರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲ. 1914ರಲ್ಲಿ ಯುದ್ಧ ಬಂದು ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡು ಇಲ್ಲೇ ಉಳಿದುಬಿಟ್ಟಿತು. ಆಗ ಕೈಗಾರಿಕಾ ಇಲಾಖೆಯ ಚಾಟರ್ಟನ್, ಸಂಸ್ಥೆಯ ವಿಜ್ಞಾನಿಗಳಾದ ಸಡ್‌ಬರೋ, ವಾಟ್ಸನ್ ಸೇರಿ ಬೆಂಗಳೂರಿನಲ್ಲೇ ಗಂಧದ ಎಣ್ಣೆ ಇಳಿಸಿದರು. ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಎದ್ದಿತು, ಆಮೇಲೆ ಗಂಧದ ಸಾಬೂನೂ ಬಂತು. ಪ್ರಯೋಗಶಾಲೆ ಕಾರ್ಖಾನೆಯಾಗುವುದು ಅಂದರೆ ಇದೇ. ದೊಡ್ಡ ಕೆಲಸ, ಒಪ್ಪೋಣ. ಆದರೆ ಕಾಡಿನಲ್ಲಿ ಬೇರು ಸಮೇತ ಮರ ಕಿತ್ತು, ತೊಗಟೆ ಕೆತ್ತಿ, ಕೊರಡು ಹೊತ್ತವರ ಮಕ್ಕಳು ಆ ಪ್ರಯೋಗಶಾಲೆಯಲ್ಲಿ ಎಷ್ಟು ಜನ ಇದ್ದರು? ಶಾಲೆಯ ಬಾಗಿಲೇ ಆಗಷ್ಟೆ ತೆರೆದಿದ್ದಾಗ ಎಲ್ಲಿಂದ ಬರಬೇಕು?

1917ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲೇ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಸಂಸ್ಥಾನಕ್ಕೆ ಬೇಕಾದ ಎಂಜಿನಿಯರುಗಳನ್ನು ಸಂಸ್ಥಾನವೇ ತಯಾರು ಮಾಡಲಿ ಅನ್ನೋ ದೂರದೃಷ್ಟಿ ಅದು. ಆ ವರ್ಷವೇ ಹುಟ್ಟಿದ ಪ್ರಜಾಮಿತ್ರ ಮಂಡಳಿ ಬೇರೊಂದು ಪ್ರಶ್ನೆ ಎತ್ತಿತು: ತಯಾರಾಗುವವರು ಯಾರು, ಕೆಲಸ ಹಿಡಿಯುವವರು ಯಾರು? ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಮೀಸಲಾತಿಯಿಂದ ಅರ್ಹತೆ ಕೆಡುತ್ತದೆ ಅಂತ ನಂಬಿದ್ದ ದಿವಾನರು ಹುದ್ದೆ ಬಿಟ್ಟು ನಡೆದರು. 1919ರ ವರದಿ ಹೇಳಿದ್ದು ಇಷ್ಟು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. 1921ರಲ್ಲಿ ಅದು ಸರ್ಕಾರಿ ಆಜ್ಞೆಯಾಯಿತು. ನಮ್ಮ ದೃಷ್ಟಿಯಲ್ಲಿ ಉನ್ನತ ಶಿಕ್ಷಣದ ನಿಜವಾದ ಹೊಸ ಶೋಧ ಈ ಲೆಕ್ಕ. ಎಣ್ಣೆ ಇಳಿಸಿದ್ದಕ್ಕಿಂತ ಇದೇನು ಕಮ್ಮಿಯದಲ್ಲ.

1940ರಲ್ಲಿ ವಿಮಾನ ಕಾರ್ಖಾನೆ ಬಂತು, 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ವಿದ್ಯೆಯ ವಿಭಾಗ ತೆರೆಯಿತು. 1946ರಲ್ಲಿ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಖಾಸಗಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದರು. ಆಮೇಲೆ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಸಾಲಾಗಿ ಎದ್ದವು. ಈ ಸರ್ಕಾರಿ ಕಾರ್ಖಾನೆಗಳಿಗೆ ಮೀಸಲಾತಿಯೂ ಬಂದಾಗ ಹೊಲಗೇರಿಯ ಹುಡುಗ ಲೇತ್ ಮುಂದೆ ನಿಂತ. ತಿಂಗಳ ಸಂಬಳ, ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ. ನಮ್ಮಲ್ಲಿ ಎಷ್ಟೋ ಜನರ ಓದು ಆ ಸಂಬಳದಿಂದಲೇ ಬಂದದ್ದು.

ಬಡವರ ಮಕ್ಕಳ ಓದು ಅಂದಾಗ ಎಚ್. ನರಸಿಂಹಯ್ಯನವರನ್ನು ಮರೆಯೋ ಹಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದವರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪ್ರಶ್ನೆ ಕೇಳದೆ ಒಪ್ಪಬೇಡಿ ಅನ್ನೋದು ಅವರ ಪಾಠ. ಕೆಲಸ ಕಲಿಸುವ ಓದು ಈ ಪಾಠ ಬಿಟ್ಟುಕೊಟ್ಟರೆ ಅದು ಕೂಲಿಯಾಳನ್ನು ಮಾತ್ರ ತಯಾರು ಮಾಡುತ್ತದೆ. ಅಮೆರಿಕದ ಕರಿಯ ಜನರಲ್ಲೂ ಇದೇ ಜಗಳ ನಡೆದಿತ್ತು. ಮೊದಲು ಕಸುಬು ಕಲಿಯೋಣ ಅಂದರು ಬೂಕರ್ ವಾಷಿಂಗ್ಟನ್. ಉನ್ನತ ವಿದ್ಯೆ, ಮತದ ಹಕ್ಕು ಬಿಟ್ಟು ಬರಿಯ ಕಸುಬು ಸಾಲದು ಅಂತ 1903ರಲ್ಲಿ ಡುಬಾಯ್ಸ್ ಬರೆದರು.

ಇತ್ತ ನಮ್ಮಲ್ಲಿ ಖಾಸಗಿ ಕಾಲೇಜುಗಳು ಅಣಬೆಯಂತೆ ಎದ್ದು ಸೀಟು ಹರಾಜಿಗೆ ಬಿತ್ತು. 1984ರಲ್ಲಿ ಕ್ಯಾಪಿಟೇಶನ್ ವಿರುದ್ಧ ರಾಜ್ಯ ಕಾನೂನು ಮಾಡಬೇಕಾಯಿತು. 2005ರ 93ನೇ ತಿದ್ದುಪಡಿ ಖಾಸಗಿ ಕಾಲೇಜಿನ ಪ್ರವೇಶಕ್ಕೂ ಮೀಸಲಾತಿಯ ದಾರಿ ತೆರೆಯಿತು. ಕಾಲೇಜಿನ ಗೇಟು ತೆರೆಯುತ್ತಾ ಬಂದಂತೆ ಕಾರ್ಖಾನೆಯ ಗೇಟು ಮುಚ್ಚುತ್ತಾ ಬಂತು. ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಕೆಲಸ ಖಾಸಗಿ ಕಂಪನಿಗೆ ಹೋಯಿತು, ಅಲ್ಲಿ ಮೀಸಲಾತಿ ಇಲ್ಲ. ಅಲ್ಲಿ ಹಳೇ ಅರ್ಹತೆಯ ಮಾತು ಇಂಗ್ಲಿಷ್ ಉಚ್ಚಾರಣೆಯ ವೇಷ ಹಾಕಿಕೊಂಡು ಕೂತಿದೆ. 2021ರಲ್ಲಿ ಕರ್ನಾಟಕ ನಾಲ್ಕು ವರ್ಷದ ಡಿಗ್ರಿ ತಂದಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿತು. ವರ್ಷ ಕೂಡಿಸಿ ಕಳೆದರೆ ಈ ಗೇಟು ತೆರೆಯೋದಿಲ್ಲ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳೆ, ವಿದ್ಯಾರ್ಥಿ ಗೆಳೆಯರೆ, ಹೊಸ ಕೋರ್ಸು, ಹೊಸ ಕೌಶಲ್ಯ ಅಂತ ಯಾರೇ ಬಂದರೂ ಬೇಡ ಅನ್ನೋದು ಬೇಡ. ಮಿಲ್ಲರ್ ಸಮಿತಿಯ ಮುಂದೆ ಇದ್ದ ಲೆಕ್ಕವನ್ನೇ ಕೇಳೋಣ: ಈ ವರ್ಷ ನಿಮ್ಮ ಕಾಲೇಜಿನಲ್ಲಿ ಕಲಿತವರಲ್ಲಿ ದಲಿತರು ಎಷ್ಟು, ಹಿಂದುಳಿದವರು ಎಷ್ಟು, ಹೆಣ್ಣುಮಕ್ಕಳು ಎಷ್ಟು? ಅವರಲ್ಲಿ ಕ್ಯಾಂಪಸ್ ಸಂದರ್ಶನ ದಾಟಿ ಕೆಲಸಕ್ಕೆ ಹೋದವರು ಎಷ್ಟು? ಸಂಬಳ ಎಷ್ಟು? ಕೊಟ್ಟ ಉತ್ತರವನ್ನು ಕಾಲೇಜಿನ ಗೋಡೆಗೆ ಅಂಟಿಸೋಣ. ಕೊಡದಿದ್ದರೆ ಕೇಳಿದ ಪ್ರಶ್ನೆಯನ್ನೇ ಅಂಟಿಸೋಣ.