ಬಿಳಿ ಹಲಗೆಯಿಂದ ಬ್ಲೂಸ್ ತಟ್ಟೆಗೆ: ‘ಆಲ್ಬಮ್’

ಇವತ್ತಿನ ಕನ್ನಡದಲ್ಲಿ ‘ಆಲ್ಬಮ್’ ಅಂದರೆ ಯಾರು ಹೇಳುತ್ತಿದ್ದಾರೆ ಎಂಬುದರ ಮೇಲೆ ಅರ್ಥ. ಮದುವೆ ಮನೆಯವರಿಗೆ ಅದು ಸ್ಟುಡಿಯೊದಿಂದ ತಿಂಗಳುಗಟ್ಟಲೆ ಕಾಯಿಸಿ ಬರುವ ದಪ್ಪ ಫೋಟೊ ಪುಸ್ತಕ. ಸುಗಮ ಸಂಗೀತದವರಿಗೆ ಎಂಟೋ ಹತ್ತೋ ಹಾಡುಗಳ ಒಂದು ಕಟ್ಟು. ಒಂದು ಕಾಲಕ್ಕೆ ಇದನ್ನೇ ಧ್ವನಿಸುರುಳಿ ಎನ್ನುತ್ತಿದ್ದೆವು. ಯೂಟ್ಯೂಬಿಗೆ ಹಾಡು ಹಾಕುವ ಹೊಸ ಹುಡುಗರ ಬಾಯಲ್ಲಿ ‘ಆಲ್ಬಮ್ ಸಾಂಗ್’ ಎಂದರೆ ಸಿನಿಮಾಕ್ಕೆ ಸೇರದ ಒಂದೇ ಒಂದು ಬಿಡಿ ಹಾಡು. ಕಟ್ಟು ಎಂಬ ಅರ್ಥದ ಪದ ಬಿಡಿ ಎಂಬ ಅರ್ಥಕ್ಕೆ ಜಾರಿದ್ದನ್ನು ಕಂಡು ಬೇಸರಪಡುವವರಿದ್ದಾರೆ. ನನಗೆ ಬೇಸರವಿಲ್ಲ. ಎರಡು ಸಾವಿರ ವರ್ಷದಿಂದ ಈ ಪದ ಮಾಡಿಕೊಂಡು ಬಂದಿರುವ ಕೆಲಸವೇ ಅದು. ಅದರ ಬಾಳಿನ ಅತ್ಯಂತ ಸ್ವಾರಸ್ಯದ ಘಟ್ಟ ನನಗೆ ಕಾಣುವುದು ಅಮೆರಿಕದ ಎಲೆಕ್ಟ್ರಿಕ್ ಬ್ಲೂಸ್ ಗಿಟಾರ್ ವಾದಕರ ಕಥೆಯಲ್ಲಿ. ಬಿಡಿ ಹಾಡನ್ನೇ ನಂಬಿ ಬದುಕಿದ ಆ ಜನಕ್ಕೆ ‘ಆಲ್ಬಮ್’ ಹೊರಗಿನಿಂದ ಬಂದ ಪದ. ಅದನ್ನು ತಮ್ಮದಾಗಿಸಿಕೊಳ್ಳಲು ಅವರಿಗೆ ಕಾಲು ಶತಮಾನ ಬೇಕಾಯಿತು.

ಮೊದಲು ಬೇರು. ಲ್ಯಾಟಿನ್ನಿನಲ್ಲಿ ‘ಆಲ್ಬುಸ್’ ಅಂದರೆ ಬಿಳಿ. ರಕ್ತ, ಮೂತ್ರ ಪರೀಕ್ಷೆಯ ವರದಿಯಲ್ಲಿ ನಾವು ಓದುವ ‘ಅಲ್ಬುಮಿನ್’ ಇದೇ ಕುಲದ್ದು. ಮೊಟ್ಟೆಯ ಬಿಳಿಯಿಂದ ಬಂದ ಹೆಸರು. ‘ಆಲ್ಬುಮ್’ ಎಂದರೆ ಬಿಳಿಯದು, ಬಿಳಿಯಾಗಿಸಿದ ಹಲಗೆ. ರೋಮಿನ ಪ್ರಧಾನ ಪುರೋಹಿತ ಪ್ರತಿ ವರ್ಷ ಇಂಥದೊಂದು ಹಲಗೆಯನ್ನು ತನ್ನ ಮನೆಯ ಮುಂದೆ ಇಡಿಸಿ, ಆ ವರ್ಷದ ಅಧಿಕಾರಿಗಳ ಹೆಸರನ್ನೂ ಮುಖ್ಯ ಸಂಗತಿಗಳನ್ನೂ ಬರೆಸುತ್ತಿದ್ದ. ಪ್ರೇಟರ್ ಎಂಬ ನ್ಯಾಯಾಧಿಕಾರಿ ತನ್ನ ಆಜ್ಞೆಗಳನ್ನು ಬರೆಸಿ ನಿಲ್ಲಿಸುತ್ತಿದ್ದ ಹಲಗೆಗೂ ಇದೇ ಹೆಸರು. ಅದನ್ನು ಅಳಿಸಿದರೆ, ತಿದ್ದಿದರೆ ದಂಡ. ಬರಬರುತ್ತ ಹಲಗೆ ಹಿಂದೆ ಸರಿದು ಪಟ್ಟಿ ಮುಂದೆ ಬಂತು. ಸೆನೆಟಿನ ಸದಸ್ಯರ ಪಟ್ಟಿ ಆಲ್ಬಮ್, ನ್ಯಾಯದರ್ಶಿಗಳ ಪಟ್ಟಿಯೂ ಆಲ್ಬಮ್. ಇಟಲಿಯ ಕನೂಸಿಯಮ್ ಊರಿನಲ್ಲಿ ಸಿಕ್ಕ ಕ್ರಿ.ಶ. 223ರ ನಗರಸಭಾ ಸದಸ್ಯರ ಪಟ್ಟಿಯನ್ನೂ ಆಲ್ಬಮ್ ಎಂದೇ ಕರೆಯುತ್ತಾರೆ. ಅದು ಕಂಚಿನ ಹಲಗೆ, ಬಿಳುಪಿನ ಸುಳಿವೇ ಇಲ್ಲ. ನಮ್ಮ ‘ಕಡತ’ದ ಕಥೆಯೂ ಹೀಗೇ ಅಲ್ಲವೆ? ಇದ್ದಿಲು ಮತ್ತು ಹುಣಿಸೆಬೀಜದ ಅಂಟು ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆ ಹೋಯಿತು, ಬಳಪ ಹೋಯಿತು, ಸರ್ಕಾರಿ ಕಚೇರಿಯ ಫೈಲಿಗೆ ಹೆಸರು ಉಳಿಯಿತು.

ಮುಂದಿನ ಕೆಲವು ಶತಮಾನಗಳನ್ನು ಬೇಗ ದಾಟಿಬಿಡೋಣ. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ವಿಟೆನ್‌ಬೆರ್ಗ್‌ನ ವಿದ್ಯಾರ್ಥಿಗಳು ಖಾಲಿ ಹಾಳೆಯ ಪುಸ್ತಕ ಹಿಡಿದು ಗುರುಗಳ, ಗೆಳೆಯರ ಸಹಿ ಕೇಳುತ್ತ ಹೋದರು. ಲೂಥರ್, ಮೆಲಾಂಕ್ಟನ್ ಅವರ ಕೈಬರಹವೂ ಅಂಥ ಪುಸ್ತಕಗಳಲ್ಲಿದೆ. ಅವಕ್ಕೆ ‘ಗೆಳೆಯರ ಆಲ್ಬಮ್’ ಎಂದು ಹೆಸರು. ಹೀಗೆ ಹಲಗೆ ಪುಸ್ತಕವಾಯಿತು. 1848ರಲ್ಲಿ ಸಂಗೀತಕಾರ ಷೂಮನ್ ಮಕ್ಕಳಿಗಾಗಿ ಬರೆದ 43 ಪುಟ್ಟ ಪಿಯಾನೊ ಕೃತಿಗಳ ಸಂಗ್ರಹಕ್ಕೂ ಆಲ್ಬಮ್ ಎಂದೇ ಹೆಸರಿಟ್ಟ. ಆಮೇಲೆ ಫೋಟೊಗಳ ಕಾಲ ಬಂತು, ಫೋಟೊ ಆಲ್ಬಮ್ ಬಂತು.

ಗ್ರಾಮಫೋನ್ ಪ್ಲೇಟಿಗೆ ಈ ಪದ ಅಂಟಿಕೊಂಡದ್ದು ರೂಪದ ಹೋಲಿಕೆಯಿಂದ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ನಿಮಿಷದ ಸಂಗೀತ. ಉದ್ದದ ಕೃತಿಯನ್ನು ಹಲವು ತಟ್ಟೆಗಳಿಗೆ ಹಂಚಬೇಕು. 1909ರಲ್ಲಿ ಓಡಿಯನ್ ಕಂಪನಿ ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಸಂಗೀತವನ್ನು ನಾಲ್ಕು ತಟ್ಟೆಗಳಲ್ಲಿ ಒಟ್ಟಾಗಿ ಮಾರಿತು. ರಟ್ಟಿನ ಹೊದಿಕೆ, ಒಳಗೆ ಕಾಗದದ ಚೀಲಗಳು, ಒಂದೊಂದರಲ್ಲೂ ಒಂದು ತಟ್ಟೆ. ನೋಡಲು ಥೇಟು ಫೋಟೊ ಆಲ್ಬಮ್. ಆದ್ದರಿಂದ ಅದಕ್ಕೂ ಅದೇ ಹೆಸರು. 1948ರ ಜೂನ್‌ನಲ್ಲಿ ಕೊಲಂಬಿಯಾ ಕಂಪನಿ ನಿಧಾನವಾಗಿ ತಿರುಗುವ ಎಲ್‌ಪಿಯನ್ನು ಹೊರತಂದಾಗ ಆ ಇಡೀ ಕಟ್ಟು ಒಂದೇ ತಟ್ಟೆಯೊಳಗೆ ಅಡಗಿತು. ತಿರುವಿ ನೋಡಲು ಹಾಳೆಗಳಿಲ್ಲ, ಚೀಲಗಳಿಲ್ಲ. ಆದರೂ ಜನ ಆಲ್ಬಮ್ ಎಂದೇ ಕರೆದರು.

ಬ್ಲೂಸ್ ಬೆಳೆದ ದಾರಿ ಬೇರೆ. ಮಿಸಿಸಿಪ್ಪಿಯ ಹತ್ತಿ ಹೊಲಗಳಿಂದ, ಟೆಕ್ಸಸ್‌ನಿಂದ ಹೊರಟ ಕಪ್ಪು ಜನರ ಈ ಹಾಡುಗಳು ಅಂಗಡಿಗೆ ಬಂದದ್ದು ಬಿಡಿ ತಟ್ಟೆಗಳಾಗಿ. ಹಾಡುವವರು, ನುಡಿಸುವವರು ಆಲ್ಬಮ್ ಎನ್ನುತ್ತಿರಲಿಲ್ಲ, ‘ಸೈಡ್’ ಎನ್ನುತ್ತಿದ್ದರು: ತಟ್ಟೆಯ ಒಂದು ಮುಖ, ಒಂದು ಹಾಡು. ಇಷ್ಟು ಸೈಡಿಗೆ ಇಷ್ಟು ದುಡ್ಡು. ಜೂಕ್‌ಬಾಕ್ಸಿಗೆ ಕಾಸು ಹಾಕಿ ಕೇಳುವವರಿಗೆ ಬೇಕಾದದ್ದೂ ಆ ಮೂರು ನಿಮಿಷವೇ. 1941ರಲ್ಲಿ ಜಾಷ್ ವೈಟ್ ಎಂಬ ಗಾಯಕ ವರ್ಣಭೇದದ ವಿರುದ್ಧ ಹಾಡಿದ ಮೂರು ತಟ್ಟೆಗಳ ಕಟ್ಟಿನ ಶೀರ್ಷಿಕೆಯಲ್ಲಿ ‘ಆಲ್ಬಮ್’ ಪದವೂ ‘ಬ್ಲೂಸ್’ ಪದವೂ ಜೊತೆಜೊತೆಗೇ ಇದ್ದವು. ಆದರೆ ಅಂಥ ಕಟ್ಟನ್ನು ಹೆಚ್ಚಾಗಿ ಕೊಳ್ಳುತ್ತಿದ್ದವರು ನಗರದ ಪ್ರಗತಿಪರ ಬಿಳಿಯರು. ಬಿಡಿ ತಟ್ಟೆಯ ಬೆಲೆ ಒಂದು ಡಾಲರಿನ ಒಳಗೆ. ಮುಂದೆ ಬಂದ ಎಲ್‌ಪಿಗೆ ನಾಲ್ಕು ಡಾಲರಿನ ಆಸುಪಾಸು. ಹತ್ತಿ ಬಿಡಿಸಿ, ಕಾರ್ಖಾನೆಯಲ್ಲಿ ದುಡಿದು ಬದುಕುವವರ ಪದ ಇದಾಗಲಿಲ್ಲ ಎಂಬುದರಲ್ಲಿ ಅಚ್ಚರಿಯೇನೂ ಇಲ್ಲ.

ಈ ಮಾತನ್ನು ಬ್ಲೂಸ್ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ಒಬ್ಬರ ಬಾಳಿನಲ್ಲೇ ತೋರಿಸಬಹುದು. 1941ರಲ್ಲಿ ಅವರು ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಸ್ಟೋವಾಲ್ ತೋಟದಲ್ಲಿ ದುಡಿಯುತ್ತಿದ್ದರು. ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಅಲನ್ ಲೋಮ್ಯಾಕ್ಸ್, ಫಿಸ್ಕ್ ವಿಶ್ವವಿದ್ಯಾಲಯದಿಂದ ಜಾನ್ ವರ್ಕ್ ಧ್ವನಿಮುದ್ರಣ ಯಂತ್ರ ಹೊತ್ತು ಅಲ್ಲಿಗೆ ಬಂದರು. ಅಂದು ಹಾಡಿದ ‘ಕಂಟ್ರಿ ಬ್ಲೂಸ್’ ಮತ್ತು ‘ಐ ಬೀಸ್ ಟ್ರಬಲ್ಡ್’ ಎರಡನ್ನೂ ಲೈಬ್ರರಿ ತನ್ನ ಜಾನಪದ ಆಲ್ಬಮ್‌ಗೆ ಸೇರಿಸಿತು. ಅಂದರೆ ಅವರ ದನಿ ಮೊದಲು ತಟ್ಟೆ ಏರಿದ್ದೇ ಆಲ್ಬಮ್‌ನಲ್ಲಿ, ಅದೂ ವಿದ್ವಾಂಸರ ಕಪಾಟಿಗೆ ಹೋಗುವ ಆಲ್ಬಮ್‌ನಲ್ಲಿ. 1943ರಲ್ಲಿ ಅವರು ಷಿಕಾಗೊ ಸೇರಿದರು. ಅಲ್ಲಿನ ಗದ್ದಲದ ಬಾರುಗಳಲ್ಲಿ ಬರಿಯ ಮರದ ಗಿಟಾರಿನ ದನಿ ಯಾರಿಗೂ ಕೇಳುವಂತಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದರು. 1948ರಲ್ಲಿ ಅರಿಸ್ಟೊಕ್ರ್ಯಾಟ್ ಕಂಪನಿಗೆ ನುಡಿಸಿದ ತಟ್ಟೆಯ ಎರಡು ಮುಖದಲ್ಲೂ ಇದ್ದದ್ದು ಅವೇ ಎರಡು ಹಾಡುಗಳ ಹೊಸ ರೂಪ. ‘ಐ ಬೀಸ್ ಟ್ರಬಲ್ಡ್’ ಈಗ ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’ ಆಗಿತ್ತು. ಹಿಂದೆ ಬಿಗ್ ಕ್ರಾಫರ್ಡ್ ಅವರ ಬಾಸ್, ಮುಂದೆ ತಂತಿಯ ಮೇಲೆ ಜಾರುವ ಸ್ಲೈಡ್, ಅದಕ್ಕೆ ವಿದ್ಯುತ್ತಿನ ಉರಿ. ತಟ್ಟೆ ಹೊರಬಂದ ವಾರಾಂತ್ಯದೊಳಗೇ ಷಿಕಾಗೊದ ಅಂಗಡಿಗಳಲ್ಲಿ ಮೊದಲ ಮುದ್ರಣ ಮುಗಿದುಹೋಯಿತು.

ಹತ್ತು ವರ್ಷ ಕಳೆದು 1958ರಲ್ಲಿ, ಅರಿಸ್ಟೊಕ್ರ್ಯಾಟ್ ‘ಚೆಸ್’ ಎಂದು ಹೆಸರು ಬದಲಿಸಿಕೊಂಡು ಎಷ್ಟೋ ಕಾಲವಾದ ಮೇಲೆ, ‘ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್’ ಬಂತು. ಅದು ಅವರ ಮೊದಲ ಎಲ್‌ಪಿ. 1948ರಿಂದ 1954ರವರೆಗಿನ ಹನ್ನೆರಡು ಬಿಡಿ ಹಾಡುಗಳು, ಮುಖಕ್ಕೆ ಆರರಂತೆ. ಕಟ್ಟಕಡೆಯ ಹಾಡು ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’. ಆಲ್ಬಮ್‌ನಲ್ಲಿ ಹುಟ್ಟಿ, ಬಿಡಿಯಾಗಿ ಬೆಳೆದು, ಆಲ್ಬಮ್‌ಗೆ ಮರಳಿದ ಹಾಡು ಅದು. ಈ ತಟ್ಟೆಯನ್ನು ಮಹತ್ವದ ಆಲ್ಬಮ್ ಎನ್ನುವಾಗ ಒಂದು ಎಚ್ಚರ ಬೇಕು. ಇದು ರೋಮನ್ನರ ಅರ್ಥದ ಆಲ್ಬಮ್: ಆಗಿಹೋದವುಗಳ ಪಟ್ಟಿ. ಆ ಹನ್ನೆರಡನ್ನು ಒಂದೇ ಓಟದಲ್ಲಿ ಕೇಳಲೆಂದು ಯಾರೂ ನುಡಿಸಿದ್ದಲ್ಲ. 1959ರಲ್ಲಿ ಬಂದ ಹೌಲಿನ್ ವುಲ್ಫ್ ಅವರ ‘ಮೋನಿನ್ ಇನ್ ದ ಮೂನ್‌ಲೈಟ್’ ಕೂಡ ಇದೇ ಜಾತಿಯದು.

ಆದರೆ ಪಟ್ಟಿಯಾಗಿಯೇ ಮಡ್ಡಿ ವಾಟರ್ಸ್ ಅವರ ಆ ಎಲ್‌ಪಿ ಮಾಡಿದ ಕೆಲಸ ದೊಡ್ಡದು. ಇಂಗ್ಲೆಂಡಿನ ಹುಡುಗರು ಇಂಥ ಎಲ್‌ಪಿಗಳನ್ನು ಷಿಕಾಗೊದಿಂದ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ಹಳೆಯ ಸಹಪಾಠಿ ಮಿಕ್ ಜ್ಯಾಗರನ್ನು ಮಾತಾಡಿಸಿದ್ದು ಅವರ ಕಂಕುಳಲ್ಲಿದ್ದ ತಟ್ಟೆಗಳನ್ನು ಕಂಡು. ಅವುಗಳಲ್ಲಿ ಇದೂ ಒಂದು. ಮರುವರ್ಷ ಗೆಳೆಯ ಬ್ರಯನ್ ಜೋನ್ಸ್ ಫೋನಿನಲ್ಲಿ, ಮುಂದೆ ರೋಲಿಂಗ್ ಸ್ಟೋನ್ಸ್ ಎಂದಾದ ತಮ್ಮ ತಂಡದ ಹೆಸರು ಹೇಳಬೇಕಾಗಿ ಬಂದಾಗ, ನೆಲದ ಮೇಲಿದ್ದ ಇದೇ ಆಲ್ಬಮ್‌ನ ಪಟ್ಟಿಯಲ್ಲಿ ಕಂಡ ‘ರೋಲಿನ್ ಸ್ಟೋನ್’ ಎಂಬ ಹೆಸರು ಹೇಳಿಬಿಟ್ಟರೆಂದು ರಿಚರ್ಡ್ಸ್ ನೆನಪಿಸಿಕೊಂಡಿದ್ದಾರೆ.

ಇನ್ನೊಬ್ಬ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರಿಗೆ ‘ಆಲ್ಬಮ್’ ಮೊದಲು ಒಲಿದದ್ದು ಅಗ್ಗದ ಮಾಲಾಗಿ. 1957ರ ‘ಸಿಂಗಿನ್ ದ ಬ್ಲೂಸ್’ ಕ್ರೌನ್ ಎಂಬ ಕಡಿಮೆ ಬೆಲೆಯ ಮುದ್ರೆಯಲ್ಲಿ ಬಂತು, ಅದೂ ಹಳೆಯ ಬಿಡಿ ಹಾಡುಗಳ ಮೂಟೆ. ನಿಜವಾದ ತಿರುವು 1964ರ ನವೆಂಬರ್ 21ರದು. ಅಂದು ಷಿಕಾಗೊದ ಕಪ್ಪು ಜನರ ರೀಗಲ್ ಥಿಯೇಟರಿನಲ್ಲಿ ಅವರು ನುಡಿಸಿದ್ದು ಮರುವರ್ಷ ‘ಲೈವ್ ಅಟ್ ದ ರೀಗಲ್’ ಆಗಿ ಹೊರಬಂತು. ಕೇಳಿ ನೋಡಿ: ಹಾಡಿನ ಒಂದು ಸಾಲು ಮುಗಿಯುತ್ತದೆ, ಗಿಟಾರ್ ನಾಲ್ಕೈದು ಸ್ವರದಲ್ಲಿ ಉತ್ತರ ಕೊಡುತ್ತದೆ, ಕಡೆಯ ಸ್ವರವನ್ನು ಎಡಗೈ ಬೆರಳು ನಡುಗಿಸುತ್ತ ಹಿಡಿದಿಡುತ್ತದೆ, ಆಗ ಜನ ಕಿರುಚುತ್ತಾರೆ. ಆ ಕಿರುಚು ಮುಂದಿನ ಸಾಲಿನ ಬಿಸಿಯನ್ನು ಏರಿಸುತ್ತದೆ. ಹಾಡುಗಳ ನಡುವೆ ಮಾತು, ಮಾತಿನಿಂದ ಮತ್ತೆ ಹಾಡು. ಇಲ್ಲಿ ಯಾವುದನ್ನೂ ಎತ್ತಿ ಬೇರೆ ಕಡೆ ಇಡಲಾಗದು. ಕಟ್ಟು ಎಂಬ ಅರ್ಥ ಕಳಚಿ ಓಟ ಎಂಬ ಅರ್ಥ ಬಂದದ್ದು ನನ್ನ ಕಿವಿಗೆ ಇಲ್ಲೇ ಮೊದಲು ಸ್ಪಷ್ಟವಾಗುವುದು. ಇದು ಕಪ್ಪು ಶ್ರೋತೃಗಳ ಮುಂದೆ, ಅವರ ದನಿಯನ್ನೂ ಸೇರಿಸಿಕೊಂಡು ಆದ ಆಲ್ಬಮ್ ಎಂಬುದು ಬಹಳ ದೊಡ್ಡ ಮಾತು. 2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಗೆ ಸೇರಿಸಿತು.

ಸ್ಟುಡಿಯೊದೊಳಗೆ ಅದೇ ಅರ್ಥ ಹುಟ್ಟಿದ್ದು 1965ರ ಸೆಪ್ಟೆಂಬರಿನಲ್ಲಿ. ಷಿಕಾಗೊದಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಬಾಬ್ ಕೋಸ್ಟರ್ ‘ಡೆಲ್ಮಾರ್ಕ್’ ಎಂಬ ಚಿಕ್ಕ ಕಂಪನಿಯ ಒಡೆಯರೂ ಹೌದು. ಥೆರೆಸಾಸ್ ಎಂಬ ನೆಲಮಾಳಿಗೆಯ ಬಾರಿನಲ್ಲಿ ರಾತ್ರಿ ನುಡಿಸುತ್ತಿದ್ದ ಜೂನಿಯರ್ ವೆಲ್ಸ್ ತಂಡವನ್ನು ಅವರು ಸ್ಟುಡಿಯೊಗೆ ಕರೆದರು. ಜೂಕ್‌ಬಾಕ್ಸಿನ ಮೂರು ನಿಮಿಷವನ್ನು ಮರೆತುಬಿಡಿ, ಬಾರಿನಲ್ಲಿ ನುಡಿಸಿದಂತೆ ನುಡಿಸಿ ಎಂಬುದೇ ಅವರ ಕರಾರು. ವೆಲ್ಸ್ ಅವರದು ಹಾಡು ಮತ್ತು ಮೌತ್ ಆರ್ಗನ್, ಜ್ಯಾಕ್ ಮೈಯರ್ಸ್ ಅವರದು ಬಾಸ್, ಬಿಲ್ಲಿ ವಾರೆನ್ ಅವರದು ಡ್ರಮ್, ಬಡ್ಡಿ ಗೈ ಅವರದು ಗಿಟಾರ್. ಗೈ ಚೆಸ್ ಕಂಪನಿಯ ಕರಾರಿನಲ್ಲಿ ಇದ್ದಾರೆಂಬ ಅಳುಕಿನಿಂದ ಮೊದಲ ಮುದ್ರಣದ ಹೊದಿಕೆಯ ಮೇಲೆ ಅವರ ಹೆಸರಿಲ್ಲ. ‘ಫ್ರೆಂಡ್ಲಿ ಚ್ಯಾಪ್’ ಎಂದಷ್ಟೇ ಇದೆ. ನಡುವೆ ಗೈ ಅವರ ಆಂಪ್ಲಿಫೈಯರ್ ಕೈಕೊಟ್ಟಿತು. ಅದನ್ನು ರಿಪೇರಿ ಮಾಡುವಷ್ಟು ಹೊತ್ತು, ಅಲ್ಲಿದ್ದ ಹ್ಯಾಮಂಡ್ ಆರ್ಗನ್ನಿನ ಲೆಸ್ಲಿ ಸ್ಪೀಕರಿಗೇ ಗಿಟಾರಿನ ತಂತಿ ಜೋಡಿಸಿದರು. ಆ ಸ್ಪೀಕರಿನೊಳಗೆ ಕೊಂಬು ಗಿರಗಿರ ತಿರುಗುವುದರಿಂದ ದನಿ ಅಲೆಅಲೆಯಾಗಿ ಹೊರಬರುತ್ತದೆ. ಹೀಗೆ ಆದ ‘ಹೂಡೂ ಮ್ಯಾನ್ ಬ್ಲೂಸ್’ ಆಲ್ಬಮ್ ಕೇಳುವಾಗ ಕೆಲವೆಡೆ ಗಿಟಾರ್ ನೀರಿನೊಳಗಿಂದ ಎದ್ದಂತೆ ಕೇಳಿಸುವುದು ಇದಕ್ಕೇ. ಬಾರಿನಲ್ಲಿ ನುಡಿಸಿ ಬದುಕುವ ಬ್ಲೂಸ್ ತಂಡವೊಂದು ಮೊದಲಿನಿಂದಲೂ ಎಲ್‌ಪಿ ಎಂದೇ ಯೋಚಿಸಿ ನುಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಗೈ ಇಲ್ಲಿ ಅಬ್ಬರಿಸುವುದಿಲ್ಲ. ಜಾಗ ಇದೆಯೆಂದು ತಿಳಿದ ವಾದಕನ ಸಮಾಧಾನ ಪ್ರತಿ ಸ್ವರದಲ್ಲೂ ಇದೆ. ಅದೇ ಡೆಲ್ಮಾರ್ಕ್‌ಗೆ ಮ್ಯಾಜಿಕ್ ಸ್ಯಾಮ್ 1967ರಲ್ಲಿ ‘ವೆಸ್ಟ್ ಸೈಡ್ ಸೋಲ್’ ಮಾಡಿದರು. 1969ರ ಡಿಸೆಂಬರಿನಲ್ಲಿ, ಬರೀ 32ನೆಯ ವಯಸ್ಸಿಗೆ ತೀರಿಕೊಂಡರು.

ಹೊಸ ಅರ್ಥ ಬಂದೊಡನೆ ಹಳೆಯದು ಅಳಿಯಲಿಲ್ಲ. 1967ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ ತಂದ ಆಲ್ಬರ್ಟ್ ಕಿಂಗ್ ಅವರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ನ ಹನ್ನೊಂದು ಹಾಡುಗಳಲ್ಲಿ ಹಲವು ಬಿಡಿಯಾಗಿ ಬಂದಿದ್ದವೇ. ಆದರೂ ಒಂದೇ ಉಸಿರಿನಲ್ಲಿ ಆದಂತೆ ಕೇಳಿಸುತ್ತದೆ. ಹಿಂದೆ ನಿಂತವರು ಬೂಕರ್ ಟಿ ಮತ್ತು ಎಂಜೀಸ್, ಆಲ್ ಜ್ಯಾಕ್ಸನ್ ಅವರ ಡ್ರಮ್ ಗಡಿಯಾರದಂತೆ ಅಚಲ. ಕಿಂಗ್ ಎಡಗೈಯವರು, ಬಲಗೈ ಗಿಟಾರಿನ ತಂತಿಗಳ ಕ್ರಮ ಬದಲಿಸದೆ ತಲೆಕೆಳಗಾಗಿಯೇ ನುಡಿಸುತ್ತಿದ್ದರು. ತೆಳು ತಂತಿಯನ್ನು ಬೇರೆಯವರು ಮೇಲಕ್ಕೆ ತಳ್ಳಿದರೆ ಇವರು ಕೆಳಕ್ಕೆ ಸೆಳೆಯುತ್ತಿದ್ದರು. ಆ ಸೆಳೆತದ ಬಲವೇ ಹನ್ನೊಂದನ್ನೂ ಹೊಲಿದಿದೆ.

ಆಲ್ಬಮ್ ಎಂಬ ಮಾರುಕಟ್ಟೆ ಮಡ್ಡಿ ವಾಟರ್ಸ್ ಅವರನ್ನು ಎರಡು ದಿಕ್ಕಿಗೆ ಎಳೆದಾಡಿತು ಎಂಬುದು ಮಾತ್ರ ನನಗೆ ನೋವಿನ ಸಂಗತಿ. ಜಾನಪದದ ಗಾಳಿ ಬೀಸುತ್ತಿದ್ದಾಗ, 1964ರಲ್ಲಿ, ಎಲೆಕ್ಟ್ರಿಕ್ ಕೆಳಗಿಡಿಸಿ ‘ಫೋಕ್ ಸಿಂಗರ್’ ಮಾಡಿಸಿದರು. 1968ರಲ್ಲಿ ರಾಕ್ ಗಾಳಿ ಬಂದಾಗ ‘ಎಲೆಕ್ಟ್ರಿಕ್ ಮಡ್’ ಮಾಡಿಸಿದರು. ಮೊದಲನೆಯದು ಸೊಗಸಾಗಿದೆ. ಎರಡನೆಯದನ್ನು ಅವರೇ ಮೆಚ್ಚಲಿಲ್ಲ.

ಓಟಿಸ್ ರಶ್ ಅವರಿಗೆ ಆದದ್ದು ಇನ್ನೂ ಕಷ್ಟದ್ದು. 1956ರಿಂದ ಕೋಬ್ರಾ ಎಂಬ ಪುಟ್ಟ ಕಂಪನಿಗೆ ಅವರು ನುಡಿಸಿದ ಬಿಡಿ ಹಾಡುಗಳು ಗಿಟಾರ್ ಹಿಡಿದವರಿಗೆಲ್ಲ ಪಾಠವಾದವು, ಆದರೆ ಆ ಕಾಲದಲ್ಲಿ ಅವರದೇ ಎನ್ನುವ ಆಲ್ಬಮ್ ಆಗಲಿಲ್ಲ. 1971ರಲ್ಲಿ ಕ್ಯಾಪಿಟಲ್ ಕಂಪನಿಗಾಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹತ್ತು ಹಾಡು ನುಡಿಸಿದರು. ಕಂಪನಿ ಅದನ್ನು ಹೊರತರಲೇ ಇಲ್ಲ. ರಶ್ ಆ ಮೂಲ ಟೇಪುಗಳನ್ನು ಕೊಂಡುಕೊಂಡರು. 1976ರಲ್ಲಿ ಬುಲ್‌ಫ್ರಾಗ್ ಎಂಬ ಚಿಕ್ಕ ಮುದ್ರೆಯಲ್ಲಿ ‘ರೈಟ್ ಪ್ಲೇಸ್, ರಾಂಗ್ ಟೈಮ್’ ಹೊರಬಂತು. ಕೋಬ್ರಾ ಕಾಲದ ‘ತ್ರೀ ಟೈಮ್ಸ್ ಎ ಫೂಲ್’ ಅದರಲ್ಲಿ ಮತ್ತೆ ಇದೆ. ಮೊದಲು ಆ ಹಳೆಯ ಸೈಡ್ ಕೇಳಿ, ಆಮೇಲೆ ಇದನ್ನು ಅಕ್ಕಪಕ್ಕದ ಹಾಡುಗಳ ಜೊತೆಗೇ ಕೇಳಿ.